ಸುಡೋ ವಿಮ್, ಸುಡೋಎಡಿಟ್, ವಿಸುಡೋ, ಸೆಡ್: ಸರ್ವರ್‌ನ ಕಾನ್ಫಿಗ್ ಫೈಲ್ ತಿದ್ದಲು ಯಾವಾಗ ಯಾವುದು?

ಹಿಂಜವಡಿ, ಖರಾಡಿ, ಭೋಸರಿ ಕಡೆ ಕೂತು ಸರ್ವರ್ ನೋಡಿಕೊಳ್ಳುವ ಕನ್ನಡದವರು ಪುಣೆಯಲ್ಲಿ ಬೇಕಾದಷ್ಟು ಜನ ಇದ್ದೇವೆ. ಕೆಲವರದ್ದು ದೊಡ್ಡ ಐಟಿ ಕಂಪನಿ. ಇನ್ನು ಕೆಲವರದ್ದು ಎಂಐಡಿಸಿ ಕೈಗಾರಿಕಾ ಪ್ರದೇಶದ ಸಣ್ಣ ಕಾರ್ಖಾನೆ; ಅಲ್ಲಿ ಬಿಲ್ಲಿಂಗ್, ಫೈಲ್ ಸರ್ವರ್, ಬ್ಯಾಕಪ್ ಎಲ್ಲಾ ಒಬ್ಬರದ್ದೇ ತಲೆ ಮೇಲೆ. ಇಬ್ಬರಿಗೂ ತಪ್ಪದ ಕೆಲಸ ಒಂದಿದೆ: ಲಿನಕ್ಸ್ ಸರ್ವರ್‌ನ ಸೆಟ್ಟಿಂಗ್ ಫೈಲ್‌ಗಳಿರುವ ಇಟಿಸಿ ಡೈರೆಕ್ಟರಿಯೊಳಗಿನ ಯಾವುದೋ ಫೈಲ್ ತೆರೆದು ಒಂದು ಸಾಲು ಬದಲಿಸುವುದು.

ಆ ಒಂದು ಸಾಲಿಗೆ ಏನಿಲ್ಲವೆಂದರೂ ಆರೇಳು ದಾರಿಗಳಿವೆ. ಯಾವುದನ್ನು ಹಿಡಿದರೂ ಫೈಲ್ ಬದಲಾಗುತ್ತದೆ. ಆದರೆ ಕೈ ತಪ್ಪಿದಾಗ ಆಗುವ ನಷ್ಟ ಮಾತ್ರ ಒಂದೊಂದರಲ್ಲಿ ಒಂದೊಂದು ಥರ. ಸರ್ವರ್ ಘಟ್ಟದ ಕೆಳಗೆ ಐರೋಲಿಯ ಡೇಟಾ ಸೆಂಟರ್‌ನಲ್ಲಿದ್ದು, ನೀವು ಪುಣೆಯಲ್ಲಿದ್ದರೆ, ದೂರದಿಂದ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್‌ನ ಫೈಲ್‌ನಲ್ಲಿ ಬಿದ್ದ ಒಂದು ಅಕ್ಷರದ ತಪ್ಪಿಗೆ ಎಕ್ಸ್‌ಪ್ರೆಸ್‌ವೇ ಹಿಡಿದು ಹೋಗಿ ಮಾನಿಟರ್ ಚುಚ್ಚಬೇಕಾಗಬಹುದು.

ಹಾಗಾಗಿ ಯಾವ ದಾರಿ ಎಂದು ಆರಿಸುವಾಗ ನಾನು ಎರಡು ಪ್ರಶ್ನೆ ಕೇಳುತ್ತೇನೆ. ತಿದ್ದುತ್ತಿರುವಷ್ಟು ಹೊತ್ತು ರೂಟ್ ಅಧಿಕಾರ (ಮಷಿನ್ ಮೇಲಿನ ಪೂರ್ತಿ ಅಧಿಕಾರ) ಯಾವ ಪ್ರೋಗ್ರಾಮ್‌ನ ಕೈಯಲ್ಲಿರುತ್ತದೆ? ತಪ್ಪು ಬರೆದರೆ, ಅದು ಜಾರಿಗೆ ಬರುವ ಮುಂಚೆ ಹಿಡಿಯುವವರು ಯಾರಾದರೂ ಇದ್ದಾರಾ? ಎಡಿಟರ್ ಯಾವುದು, ಬಣ್ಣ ಚೆನ್ನಾಗಿದೆಯಾ ಅನ್ನೋದೆಲ್ಲ ಆಮೇಲಿನ ಮಾತು.

(ಕಮಾಂಡ್‌ಗಳನ್ನು ಬಾಯಲ್ಲಿ ಹೇಳುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲೇ ಮಾಡಬೇಕು ಅನ್ನೋದು ನಿಮಗೆ ಗೊತ್ತೇ ಇದೆ.)

ಸುಡೋ ವಿಮ್, ಸುಡೋ ನ್ಯಾನೋ

ಎಲ್ಲರೂ ಮೊದಲು ಕಲಿಯುವುದು ಇದನ್ನೇ. ವಿಮ್, ನ್ಯಾನೋ ಎರಡೂ ಎಡಿಟರ್‌ಗಳು; ಮುಂದೆ ಸುಡೋ ಹಾಕಿದರೆ ರೂಟ್ ಅಧಿಕಾರದಲ್ಲಿ ಓಡುತ್ತವೆ. ಕಲಬುರಗಿಯಿಂದ ಹೊಸದಾಗಿ ಬಂದು ನಮ್ಮ ಟೀಮ್ ಸೇರಿದ ಹುಡುಗನೂ ಅದನ್ನೇ ಕೇಳಿದ: "ಅಣ್ಣಾ, ಸುಡೋ ವಿಮ್ ಅಂತ ಹೊಡೆದ್ರ ಕೆಲಸ ಆಗ್ತದಲ್ರಿ, ಮತ್ಯಾಕ ಇಷ್ಟು ಸುತ್ತು?"

ಕೆಲಸ ಆಗುತ್ತದೆ, ನಿಜ. ಆದರೆ ಆಗ ರೂಟ್ ಆಗಿ ಓಡುವುದು ಇಡೀ ಎಡಿಟರ್. ವಿಮ್‌ನೊಳಗೆ ಕೋಲನ್, ಆಶ್ಚರ್ಯಸೂಚಕ ಚಿಹ್ನೆ, ಆಮೇಲೆ ಎಸ್‌ಎಚ್ ಎಂದು ಹೊಡೆದರೆ ನೇರ ರೂಟ್ ಶೆಲ್ (ಯಾವ ಕಮಾಂಡ್ ಬೇಕಾದರೂ ಓಡಿಸುವ ಜಾಗ) ಸಿಗುತ್ತದೆ. ನ್ಯಾನೋದಲ್ಲೂ ಕಂಟ್ರೋಲ್-ಆರ್, ಕಂಟ್ರೋಲ್-ಎಕ್ಸ್ ಒತ್ತಿ ಕಮಾಂಡ್ ಓಡಿಸಬಹುದು. ರೂಟ್‌ನ ಸೆಟ್ಟಿಂಗ್‌ನಲ್ಲಿ ಪ್ಲಗಿನ್ ಇದ್ದರೆ ಅದೂ ರೂಟ್ ಅಧಿಕಾರದಲ್ಲೇ ಓಡುತ್ತದೆ. ಹಾಗಾಗಿ ಯಾರಿಗೆ ಯಾವ ಸುಡೋ ಅನುಮತಿ ಎಂದು ಬರೆದಿಡುವ ಸುಡೋಅರ್ಸ್ ಫೈಲ್‌ನಲ್ಲಿ ಒಬ್ಬರಿಗೆ "ಈ ಫೈಲ್‌ಗೆ ಮಾತ್ರ ವಿಮ್" ಎಂದು ಅನುಮತಿ ಬರೆದರೆ, ಒಂದು ಕಪಾಟು ತೆರೆಯಲು ಇಡೀ ಮನೆಯ ಬೀಗದ ಕೈ ಗೊಂಚಲು ಕೊಟ್ಟ ಹಾಗೆ. ಹೆಸರಿಗೆ ಒಂದೇ ಫೈಲ್, ಕೊಟ್ಟಿದ್ದು ಪೂರ್ತಿ ಮಷಿನ್.

ಇನ್ನೊಂದು ಸಣ್ಣ ತೊಂದರೆಯೂ ಇದೆ. ಸುಡೋ ನಿಮ್ಮ ಹೋಮ್ ಡೈರೆಕ್ಟರಿಯನ್ನೇ ಉಳಿಸಿಕೊಳ್ಳುವ ಸಿಸ್ಟಮ್‌ಗಳಲ್ಲಿ ನಿಮ್ಮ ವಿಮ್‌ಇನ್ಫೋ ಫೈಲ್ (ವಿಮ್ ತನ್ನ ಇತಿಹಾಸ ಇಡುವ ಫೈಲ್) ರೂಟ್ ಹೆಸರಿಗೆ ಹೋಗಿ ಕೂರುತ್ತದೆ. ಆಮೇಲೆ ಸುಮ್ನೆ ವಿಮ್ ತೆರೆದರೂ ಪರ್ಮಿಶನ್ ತಕರಾರು ಶುರು.

ನಿಮ್ಮದೇ ಲ್ಯಾಪ್‌ಟಾಪ್, ಬೇಕಾದಾಗ ಅಳಿಸಬಹುದಾದ ವರ್ಚುವಲ್ ಮಷಿನ್, ರಿಕವರಿ ಮೋಡ್: ಇಲ್ಲೆಲ್ಲ ಸುಡೋ ವಿಮ್ ಸಾಕು. ನಾಲ್ಕು ಜನ ಲಾಗಿನ್ ಆಗುವ ಸರ್ವರ್‌ನಲ್ಲಿ ಬೇಡ.

ಸುಡೋಎಡಿಟ್: ದಿನದ ಕೆಲಸಕ್ಕೆ ನನ್ನ ಆಯ್ಕೆ

ಸುಡೋ ಹುಟ್ಟಿದ್ದು 1980ರ ಸುಮಾರಿಗೆ, ಅಮೆರಿಕದ ಬಫಲೋ ವಿಶ್ವವಿದ್ಯಾಲಯದಲ್ಲಿ. ಸುಡೋಎಡಿಟ್ ಅದರ ಜೊತೆಗೇ ಬರುತ್ತದೆ, ಬೇರೆ ಇನ್‌ಸ್ಟಾಲ್ ಬೇಡ. "ಸುಡೋ -ಇ" ಎಂದರೂ ಅದೇ. ಆದರೂ ಇದನ್ನು ಬಳಸುವವರು ಕಡಿಮೆ.

ಅದು ಮಾಡುವ ಕೆಲಸವನ್ನು ಒಂದೊಂದೇ ಹೆಜ್ಜೆ ನೋಡೋಣ. "ಸುಡೋಎಡಿಟ್ /ಇಟಿಸಿ/ಹೋಸ್ಟ್ಸ್" ಎಂದು ಹೊಡೆದರೆ, ಮೊದಲು ರೂಟ್ ಆಗಿ ಆ ಫೈಲ್‌ನ ಒಂದು ನಕಲು ತೆಗೆಯುತ್ತದೆ. ನಕಲು ಇರುವುದು ತಾತ್ಕಾಲಿಕ ಡೈರೆಕ್ಟರಿಯಲ್ಲಿ, ಸಾಮಾನ್ಯವಾಗಿ /ವಾರ್/ಟಿಎಂಪಿಯಲ್ಲಿ. ಹೆಸರಿನ ಜೊತೆ ಏನೋ ಕೆಲವು ಅಕ್ಷರ ಸೇರಿಕೊಂಡಿರುತ್ತವೆ. ಆ ನಕಲಿನ ಮಾಲೀಕರು ನೀವೇ. ಆಮೇಲೆ ನಿಮ್ಮ ಎಡಿಟರ್ ತೆರೆಯುತ್ತದೆ, ಮಾಮೂಲಿ ಯೂಸರ್ ಆಗಿ. ನಿಮ್ಮ ವಿಮ್ ಸೆಟ್ಟಿಂಗ್, ನಿಮ್ಮ ಪ್ಲಗಿನ್, ನಿಮ್ಮ ಬಣ್ಣ ಎಲ್ಲಾ ಹಾಗೇ. ಸೇವ್ ಮಾಡಿ ಹೊರಗೆ ಬಂದಾಗ ಏನಾದರೂ ಬದಲಾಗಿದ್ದರೆ ಮಾತ್ರ ರೂಟ್ ಅಧಿಕಾರ ಮತ್ತೆ ಬಂದು ನಕಲನ್ನು ಮೂಲ ಫೈಲ್‌ನ ಮೇಲೆ ಬರೆಯುತ್ತದೆ. ಏನೂ ಬದಲಾಗದಿದ್ದರೆ ಮುಟ್ಟುವುದೇ ಇಲ್ಲ.

ಎಡಿಟರ್‌ಗೆ ಒಂದು ಕ್ಷಣವೂ ರೂಟ್ ಅಧಿಕಾರ ಸಿಗುವುದಿಲ್ಲ. ಇದೇ ಅದರ ದೊಡ್ಡ ಗುಣ. ಹಳೆಯ ಫೈಲ್‌ನ ಮೇಲೆಯೇ ಬರೆಯುವುದರಿಂದ ಮಾಲೀಕ, ಪರ್ಮಿಶನ್, ಎಸ್‌ಇಲಿನಕ್ಸ್ ಲೇಬಲ್ (ಯಾವ ಸರ್ವಿಸ್ ಯಾವ ಫೈಲ್ ಓದಬಹುದು ಎಂದು ತೀರ್ಮಾನಿಸುವ ಗುರುತು) ಯಾವುದೂ ಬದಲಾಗುವುದಿಲ್ಲ. ಹೋಮ್‌ನಲ್ಲಿ ಫೈಲ್ ತಯಾರು ಮಾಡಿ ಎಂವಿ ಹೊಡೆದು ಇಟಿಸಿಗೆ ತಳ್ಳುವವರಿಗೆ ಈ ಲೇಬಲ್‌ನ ಕಾಟ ಗೊತ್ತಿರುತ್ತದೆ. ರೆಡ್ ಹ್ಯಾಟ್ ಕುಟುಂಬದ ಮಷಿನ್‌ನಲ್ಲಿ ಹಳೆಯ ಲೇಬಲ್ ಹಾಗೇ ಬಂದು, ಫೈಲ್ ಸರಿಯಿದ್ದರೂ ಸರ್ವಿಸ್ ಅದನ್ನು ಓದಲಾಗದೆ ಬೀಳುತ್ತದೆ. ಆಗ ಲೇಬಲ್ ಸರಿಪಡಿಸುವ ರಿಸ್ಟೋರ್‌ಕಾನ್ ಓಡಿಸಬೇಕು.

ಯಾವ ಎಡಿಟರ್ ತೆರೆಯಬೇಕು ಅನ್ನೋದನ್ನು ಸುಡೋ_ಎಡಿಟರ್, ವಿಶುವಲ್, ಎಡಿಟರ್ ಎಂಬ ಮೂರು ವೇರಿಯಬಲ್‌ಗಳಲ್ಲಿ, ಅದೇ ಕ್ರಮದಲ್ಲಿ ನೋಡುತ್ತದೆ. ವಿಎಸ್ ಕೋಡ್ ಇಡುವವರು "ಕೋಡ್ --ವೇಟ್" ಎಂದೇ ಇಡಿ. ವೇಟ್ ಇಲ್ಲದಿದ್ದರೆ ವಿಂಡೋ ತೆರೆದ ಕೂಡಲೇ ಕಮಾಂಡ್ ಮುಗಿಯುತ್ತದೆ, ಏನೂ ಬದಲಾಗಿಲ್ಲ ಎಂದುಕೊಂಡು ಸುಡೋಎಡಿಟ್ ಬಾಗಿಲು ಹಾಕುತ್ತದೆ. ನೀವು ಆಮೇಲೆ ತಿದ್ದಿದ್ದೆಲ್ಲ ವ್ಯರ್ಥ.

ಕೊರತೆಗಳನ್ನೂ ಹೇಳಬೇಕು, ಯಾಕೆಂದರೆ ಇದನ್ನು ಹೊಗಳುವವರು ಅವನ್ನು ಬಿಟ್ಟುಬಿಡುತ್ತಾರೆ.

ಮೊದಲನೆಯದು, ಸುಡೋಎಡಿಟ್ ಫೈಲ್‌ನೊಳಗಿನ ಬರಹವನ್ನು ಪರೀಕ್ಷೆ ಮಾಡುವುದಿಲ್ಲ. ಎಸ್‌ಎಸ್‌ಎಚ್ ಫೈಲ್‌ನಲ್ಲಿ ಏನು ಗೀಚಿದರೂ ಹಾಗೇ ಬರೆಯುತ್ತದೆ. ಎರಡನೆಯದು ಇನ್ನೂ ಸೂಕ್ಷ್ಮ. ಸುಡೋ ವಿಮ್‌ನಲ್ಲಿ ಇಬ್ಬರು ಒಂದೇ ಫೈಲ್ ತೆರೆದರೆ ಎರಡನೆಯವರಿಗೆ ಸ್ವಾಪ್ ಫೈಲ್ ಇದೆ ಎಂಬ ಎಚ್ಚರಿಕೆ ಬರುತ್ತದೆ. ಸುಡೋಎಡಿಟ್‌ನಲ್ಲಿ ಇಬ್ಬರ ನಕಲೂ ಬೇರೆ ಬೇರೆ, ಹಾಗಾಗಿ ಎಚ್ಚರಿಕೆಯೇ ಇಲ್ಲ. ಕೊನೆಗೆ ಸೇವ್ ಮಾಡಿದವರ ಫೈಲ್ ಉಳಿಯುತ್ತದೆ, ಇನ್ನೊಬ್ಬರದ್ದು ಸದ್ದಿಲ್ಲದೆ ಅಳಿಯುತ್ತದೆ. ಟೀಮ್ ದೊಡ್ಡದಿದ್ದರೆ ಚಾಟ್‌ನಲ್ಲಿ "ಎನ್‌ಜಿನ್‌ಎಕ್ಸ್ ವೆಬ್ ಸರ್ವರ್‌ನ ಫೈಲ್ ತೆಗೆದಿದ್ದೀನಿ" ಅಂತ ಒಂದು ಸಾಲು ಹಾಕುವುದು ಒಳ್ಳೆಯದು.

ಮೂರನೆಯದು, 2015ರ 1.8.15 ಆವೃತ್ತಿಯಿಂದ ಇದು ಸಿಂಬಾಲಿಕ್ ಲಿಂಕ್‌ಗಳನ್ನು (ಬೇರೊಂದು ಫೈಲ್ ಕಡೆ ತೋರಿಸುವ ಹೆಸರುಗಳನ್ನು) ತಿದ್ದಲು ಬಿಡುವುದಿಲ್ಲ. ಇದು ಸುರಕ್ಷತೆಗೇ. ಲಿಂಕ್ ತೋರಿಸುವ ಅಸಲಿ ಫೈಲ್‌ನ ಹೆಸರು ಕೊಟ್ಟರೆ ಆಯಿತು.

ಮತ್ತೆ, 2023ರ ಜನವರಿಯಲ್ಲಿ ಸುಡೋಎಡಿಟ್‌ನಲ್ಲೇ ಒಂದು ತೂತು ಸಿಕ್ಕಿತ್ತು, ಭದ್ರತಾ ದೋಷಗಳ ಪಟ್ಟಿಯಲ್ಲಿ ಅದರ ಸಂಖ್ಯೆ ಸಿವಿಇ-2023-22809. ಎಡಿಟರ್ ವೇರಿಯಬಲ್‌ನಲ್ಲಿ ಎರಡು ಅಡ್ಡಗೆರೆ ಸೇರಿಸಿದರೆ ಅನುಮತಿ ಇಲ್ಲದ ಫೈಲನ್ನೂ ತಿದ್ದಬಹುದಿತ್ತು. 1.9.12ಪಿ2ದಲ್ಲಿ ಸರಿಯಾಯಿತು. ಉಬುಂಟು, ಡೆಬಿಯನ್, ರೆಡ್ ಹ್ಯಾಟ್‌ನವರು ಹಳೆಯ ಆವೃತ್ತಿಗಳಿಗೂ ಪ್ಯಾಚ್ ಕೊಟ್ಟಿದ್ದಾರೆ. ಹಾಗಾಗಿ ಆವೃತ್ತಿಯ ಅಂಕಿ ಮಾತ್ರ ನೋಡಿ ಹೆದರಬೇಡಿ, ಅಪ್‌ಡೇಟ್ ಆಗಿದೆಯಾ ನೋಡಿ.

ಇಷ್ಟಿದ್ದರೂ ಹತ್ತರಲ್ಲಿ ಎಂಟು ಕೆಲಸಕ್ಕೆ ನಾನು ಇದನ್ನೇ ಹಿಡಿಯುತ್ತೇನೆ. ಜೂನಿಯರ್‌ಗಳಿಗೆ ಅನುಮತಿ ಕೊಡುವಾಗಂತೂ ಇದೊಂದೇ ದಾರಿ. ಸುಡೋಅರ್ಸ್‌ನಲ್ಲಿ ಸುಡೋಎಡಿಟ್ ಎಂದು ಬರೆದು ಫೈಲ್‌ನ ಪೂರ್ತಿ ಹೆಸರು ಕೊಡಿ. ಸುಡೋಎಡಿಟ್‌ನ ಮುಂದೆ ಯುಎಸ್‌ಆರ್/ಬಿನ್ ಅಂತ ದಾರಿ ಸೇರಿಸಬಾರದು, ಹೆಸರು ಮಾತ್ರ ಸಾಕು.

ತಮ್ಮದೇ ಕಮಾಂಡ್ ಇರುವ ಫೈಲ್‌ಗಳು

ಕೆಲವು ಫೈಲ್‌ಗಳಿಗೆ ಸುಡೋಎಡಿಟ್ ಕೂಡ ಬೇಡ. ಅವುಗಳಿಗೆ ಅಂತಲೇ ಮಾಡಿದ ಕಮಾಂಡ್ ಇದೆ, ಅದನ್ನೇ ಬಳಸಬೇಕು.

ಸುಡೋಅರ್ಸ್ ಫೈಲ್‌ಗೆ ವಿಸುಡೋ. ಇದರಲ್ಲಿ ಬೇರೆ ಮಾತೇ ಇಲ್ಲ. ಆ ಫೈಲ್‌ನಲ್ಲಿ ತಪ್ಪು ಬಿದ್ದರೆ ಸುಡೋವೇ ನಿಂತುಹೋಗಬಹುದು, ಸುಡೋ ಇಲ್ಲದೆ ಫೈಲ್ ಸರಿ ಮಾಡಲೂ ಆಗುವುದಿಲ್ಲ. ರೂಟ್ ಪಾಸ್‌ವರ್ಡ್ ಇಡದ ಉಬುಂಟು ಸರ್ವರ್‌ನಲ್ಲಿ ಹೀಗಾದರೆ ರಿಕವರಿ ಮೋಡ್‌ಗೇ ಹೋಗಬೇಕು. ವಿಸುಡೋ ಫೈಲ್‌ಗೆ ಬೀಗ ಹಾಕುತ್ತದೆ, ಆದ್ದರಿಂದ ಇಬ್ಬರು ಒಟ್ಟಿಗೆ ತಿದ್ದಲು ಆಗುವುದಿಲ್ಲ. ಸೇವ್ ಮಾಡಿದಾಗ ವ್ಯಾಕರಣ ನೋಡುತ್ತದೆ. ತಪ್ಪಿದ್ದರೆ ಯಾವ ಸಾಲು ಎಂದು ತೋರಿಸಿ "ವಾಟ್ ನೌ?" ಎಂದು ಕೇಳಿ ನಿಲ್ಲುತ್ತದೆ. ಆಗ ಸಣ್ಣ ಇ ಒತ್ತಿದರೆ ಮತ್ತೆ ಎಡಿಟರ್. ಸಣ್ಣ ಎಕ್ಸ್ ಒತ್ತಿದರೆ ಏನೂ ಬದಲಾಗದೆ ಹೊರಗೆ. ದೊಡ್ಡ ಕ್ಯೂ ಒತ್ತಿದರೆ ತಪ್ಪಿನ ಸಮೇತ ಸೇವ್. ಆ ಕ್ಯೂ ಮುಟ್ಟಬೇಡಿ.

ಹೊಸ ನಿಯಮವನ್ನು ಸುಡೋಅರ್ಸ್.ಡಿ ಡೈರೆಕ್ಟರಿಯಲ್ಲಿ ಬೇರೆ ಫೈಲ್ ಮಾಡಿ ಇಡಬಹುದು, "ವಿಸುಡೋ -ಎಫ್" ಕೊಟ್ಟು ಫೈಲ್ ಹೆಸರು. ಆದರೆ ಹೆಸರಿನಲ್ಲಿ ಚುಕ್ಕೆ ಇದ್ದರೆ ಸುಡೋ ಆ ಫೈಲನ್ನು ಓದುವುದೇ ಇಲ್ಲ. "ಟೀಮ್.ಕಾನ್ಫ್" ಅಂತ ಹೆಸರಿಟ್ಟು, ನಿಯಮ ಯಾಕೆ ಹತ್ತುತ್ತಿಲ್ಲ ಅಂತ ತಲೆ ಕೆರೆದುಕೊಳ್ಳುವವರಿಗೆ ಕಾರಣ ಇದೇ.

ಪಾಸ್‌ವರ್ಡ್ ಮತ್ತು ಗ್ರೂಪ್ ಫೈಲ್‌ಗೆ ವಿಪಿಡಬ್ಲ್ಯೂ, ವಿಜಿಆರ್. ಇವೂ ಬೀಗ ಹಾಕುತ್ತವೆ. ನಿಜ ಹೇಳಬೇಕೆಂದರೆ ಇವುಗಳ ಅಗತ್ಯ ಕಡಿಮೆ, ಯೂಸರ್‌ಮಾಡ್‌ನಿಂದಲೇ ಹೆಚ್ಚಿನ ಕೆಲಸ ಮುಗಿಯುತ್ತದೆ.

ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಕ್ರಾನ್‌ಗೆ "ಕ್ರಾನ್‌ಟ್ಯಾಬ್ -ಇ". ಇದು ಸಮಯದ ಕಾಲಂನಲ್ಲಿ ತಪ್ಪಿದ್ದರೆ ಹಿಡಿಯುತ್ತದೆ. ಆದರೆ ಕೀಬೋರ್ಡ್‌ನಲ್ಲಿ ಇ ಪಕ್ಕದಲ್ಲೇ ಆರ್ ಇದೆ. "-ಆರ್" ಎಂದರೆ ಪೂರ್ತಿ ಕ್ರಾನ್‌ಟ್ಯಾಬ್ ಅಳಿಸು ಎಂದರ್ಥ, ಖಾತ್ರಿಯಾ ಅಂತಲೂ ಕೇಳುವುದಿಲ್ಲ. ಕೈ ಹಾಕುವ ಮುಂಚೆ "ಕ್ರಾನ್‌ಟ್ಯಾಬ್ -ಎಲ್" ಓಡಿಸಿ ಅದರ ಔಟ್‌ಪುಟ್ ಒಂದು ಫೈಲ್‌ಗೆ ಇಟ್ಟುಕೊಳ್ಳಿ.

ಸರ್ವಿಸ್‌ಗಳನ್ನು ಶುರು ಮಾಡಿ ನೋಡಿಕೊಳ್ಳುವ ಸಿಸ್ಟಮ್‌ಡಿಯ ಸರ್ವಿಸ್ ಫೈಲ್‌ಗೆ "ಸಿಸ್ಟಮ್‌ಸಿಟಿಎಲ್ ಎಡಿಟ್". ಪ್ಯಾಕೇಜ್ ಕೊಟ್ಟ ಮೂಲ ಫೈಲನ್ನು ಇದು ಮುಟ್ಟುವುದಿಲ್ಲ. ಪಕ್ಕದಲ್ಲಿ ಓವರ್‌ರೈಡ್.ಕಾನ್ಫ್ ಎಂಬ ಸಣ್ಣ ಫೈಲ್ ಮಾಡಿ, ನೀವು ಬದಲಿಸುವ ಸಾಲುಗಳನ್ನು ಮಾತ್ರ ಅದರಲ್ಲಿಡುತ್ತದೆ. ಎಡಿಟರ್ ಮುಚ್ಚಿದ ಮೇಲೆ ಡೀಮನ್-ರೀಲೋಡ್ (ಬದಲಾದ ಫೈಲ್‌ಗಳನ್ನು ಮತ್ತೆ ಓದುವುದು) ಕೂಡ ತಾನೇ ಮಾಡುತ್ತದೆ. ಬೇಡವೆನಿಸಿದರೆ "ಸಿಸ್ಟಮ್‌ಸಿಟಿಎಲ್ ರಿವರ್ಟ್". ಎಕ್ಸೆಕ್‌ಸ್ಟಾರ್ಟ್ (ಸರ್ವಿಸ್ ಓಡಿಸುವ ಕಮಾಂಡ್) ಬದಲಿಸುವಾಗ ಮಾತ್ರ ಮೊದಲು ಖಾಲಿ ಎಕ್ಸೆಕ್‌ಸ್ಟಾರ್ಟ್ ಸಾಲೊಂದನ್ನು ಬರೆದು, ಕೆಳಗೆ ಹೊಸದನ್ನು ಬರೆಯಬೇಕು.

ಇದೇ ರೀತಿ ಎಲ್ಲೆಲ್ಲಿ ".ಡಿ" ಡೈರೆಕ್ಟರಿ ಇದೆಯೋ ಅಲ್ಲೆಲ್ಲ ಮೂಲ ಫೈಲ್ ಬಿಟ್ಟು ಅದರೊಳಗೆ ಸಣ್ಣ ಫೈಲ್ ಇಡುವುದು ಒಳ್ಳೆಯದು. ಪ್ಯಾಕೇಜ್ ಅಪ್‌ಡೇಟ್ ಆಗುವಾಗ "ನಿಮ್ಮ ಫೈಲ್ ಇಡಬೇಕಾ, ಹೊಸದು ಇಡಬೇಕಾ" ಎಂಬ ಪ್ರಶ್ನೆಯೇ ಬರುವುದಿಲ್ಲ. ಆದರೆ ಓದುವ ಕ್ರಮ ಎಲ್ಲಾ ಕಡೆ ಒಂದೇ ಅಲ್ಲ. ಕರ್ನಲ್ ಸೆಟ್ಟಿಂಗ್‌ಗಳ ಸಿಸ್‌ಸಿಟಿಎಲ್.ಡಿಯಲ್ಲಿ ಕೊನೆಗೆ ಓದಿದ ಬೆಲೆ ನಿಲ್ಲುತ್ತದೆ. ಎಸ್‌ಎಸ್‌ಎಚ್‌ನ ಸರ್ವರ್ ಪ್ರೋಗ್ರಾಮ್ ಎಸ್‌ಎಸ್‌ಎಚ್‌ಡಿ ಉಲ್ಟಾ: ಮೊದಲು ಸಿಕ್ಕ ಬೆಲೆಯೇ ಗೆಲ್ಲುತ್ತದೆ. ಉಬುಂಟು, ಡೆಬಿಯನ್‌ನಲ್ಲಿ ಎಸ್‌ಎಸ್‌ಎಚ್‌ಡಿ_ಕಾನ್ಫಿಗ್.ಡಿಯನ್ನು ಸೇರಿಸುವ ಸಾಲು ಮೂಲ ಫೈಲ್‌ನ ಮೇಲ್ಭಾಗದಲ್ಲೇ ಇದೆ. ಕ್ಲೌಡ್ ಸರ್ವರ್‌ನಲ್ಲಿ ಮೊದಲ ಬೂಟ್‌ನಲ್ಲಿ ಸೆಟ್ಟಿಂಗ್ ಬರೆಯುವ ಕ್ಲೌಡ್-ಇನಿಟ್ ಅದರೊಳಗೆ ಪಾಸ್‌ವರ್ಡ್ ಲಾಗಿನ್ ಹೌದು ಎಂದು ಬರೆದಿಟ್ಟಿದ್ದರೆ, ನೀವು ಮೂಲ ಫೈಲ್‌ನ ಕೆಳಗೆ ಬೇಡ ಎಂದು ಎಷ್ಟು ಬರೆದರೂ ಪ್ರಯೋಜನವಿಲ್ಲ. "ಸುಡೋ ಎಸ್‌ಎಸ್‌ಎಚ್‌ಡಿ -ಟಿ", ದೊಡ್ಡ ಟಿ, ಓಡಿಸಿದರೆ ನಿಜವಾಗಿ ಯಾವ ಬೆಲೆ ಜಾರಿಯಲ್ಲಿರುತ್ತದೆ ಎಂದು ತೋರಿಸುತ್ತದೆ.

ಸೆಡ್, ಟೀ, ಮತ್ತು ಸ್ಕ್ರಿಪ್ಟ್‌ಗಳು

ಹತ್ತಾರು ಮಷಿನ್ ಇದ್ದಾಗ ಎಡಿಟರ್ ತೆರೆದು ಕೂರಲು ಆಗುವುದಿಲ್ಲ. ಆಗ ಇವು ಬೇಕು: ಸೆಡ್ ಎಂದರೆ ಎಡಿಟರ್ ತೆರೆಯದೆ ಫೈಲ್‌ನ ಪಠ್ಯ ಬದಲಿಸುವ ಕಮಾಂಡ್, ಟೀ ಎಂದರೆ ಬಂದ ಪಠ್ಯವನ್ನು ಫೈಲ್‌ಗೆ ಬರೆಯುವ ಕಮಾಂಡ್.

"ಸುಡೋ ಎಕೋ" ಬರೆದು ದೊಡ್ಡದು (>) ಚಿಹ್ನೆಯಿಂದ ಇಟಿಸಿ ಫೈಲ್‌ಗೆ ತಳ್ಳಿದರೆ ಪರ್ಮಿಶನ್ ಡಿನೈಡ್ ಬರುತ್ತದೆ. ಸುಡೋ ಸಿಕ್ಕಿದ್ದು ಎಕೋಗೆ. ಫೈಲ್ ತೆರೆಯುವುದು ನಿಮ್ಮ ಶೆಲ್, ಅದಕ್ಕೆ ರೂಟ್ ಅಧಿಕಾರ ಇಲ್ಲ. ಪೈಪ್ ಹಾಕಿ "ಸುಡೋ ಟೀ -ಎ" ಕೊಡಬೇಕು. ಆ "-ಎ" ಮರೆತರೆ ಫೈಲ್‌ನಲ್ಲಿದ್ದದ್ದೆಲ್ಲ ಹೋಗಿ ನಿಮ್ಮ ಒಂದು ಸಾಲು ಮಾತ್ರ ಉಳಿಯುತ್ತದೆ. ಹೀಗಾಗಿ ಬೂಟ್‌ನಲ್ಲಿ ಯಾವ ಡಿಸ್ಕ್ ಜೋಡಿಸಬೇಕೆಂದು ಹೇಳುವ ಎಫ್‌ಎಸ್‌ಟ್ಯಾಬ್‌ನಂಥ ಫೈಲ್‌ಗೆ ನಾನು ಟೀ ಬಳಸುವುದಿಲ್ಲ.

"ಸೆಡ್ -ಐ" ಫೈಲನ್ನು ಇದ್ದಲ್ಲೇ ತಿದ್ದುತ್ತದೆ ಎಂದುಕೊಂಡಿರುತ್ತೇವೆ. ಅದು ಮಾಡುವುದು ಬೇರೆ: ಹೊಸ ಫೈಲ್ ಬರೆದು, ಹಳೆಯದರ ಹೆಸರು ಅದಕ್ಕೆ ಕೊಡುತ್ತದೆ. ಹಾಗಾಗಿ ಲಿಂಕ್‌ನ ಮೇಲೆ ಓಡಿಸಿದರೆ ಲಿಂಕ್ ಹೋಗಿ ಆ ಜಾಗದಲ್ಲಿ ಮಾಮೂಲಿ ಫೈಲ್ ಬಂದು ಕೂರುತ್ತದೆ. ಉಬುಂಟುವಿನ ರೆಸಾಲ್ವ್.ಕಾನ್ಫ್ ಅಂಥದ್ದೇ ಒಂದು ಲಿಂಕ್. ಡಾಕರ್ ಕಂಟೇನರ್‌ಗೆ ಒಂದೇ ಫೈಲ್ ಮೌಂಟ್ ಮಾಡಿದ್ದರೆ ಒಳಗಿನಿಂದ ಸೆಡ್ -ಐ ನಡೆಯುವುದೇ ಇಲ್ಲ, "ಡಿವೈಸ್ ಬಿಸಿ" ಎನ್ನುತ್ತದೆ. ಮೊದಲು "-ಐ" ಇಲ್ಲದೆ ಓಡಿಸಿ, ಡಿಫ್‌ನಲ್ಲಿ ಹೋಲಿಸಿ ನೋಡಿ, ಆಮೇಲೆ "-ಐ.ಬ್ಯಾಕ್" ಕೊಟ್ಟು ಬರೆಯಿರಿ. ಮ್ಯಾಕ್‌ನ ಸೆಡ್ ಬೇರೆ ತಳಿ, ಅಲ್ಲಿ "-ಐ" ಆದಮೇಲೆ ಖಾಲಿ ಉದ್ಧರಣ ಚಿಹ್ನೆ ಕೊಡಬೇಕು.

ಮಷಿನ್‌ಗಳು ಜಾಸ್ತಿಯಾದರೆ ಎಲ್ಲವನ್ನೂ ಒಟ್ಟಿಗೆ ಸೆಟ್ ಮಾಡುವ ಆನ್ಸಿಬಲ್‌ಗೆ ಹೋಗಿ. ಅದರ ಟೆಂಪ್ಲೇಟ್, ಲೈನ್‌ಇನ್‌ಫೈಲ್ ಎರಡರಲ್ಲೂ ವ್ಯಾಲಿಡೇಟ್ ಎಂಬ ಆಯ್ಕೆ ಇದೆ. ಅಲ್ಲಿ "ವಿಸುಡೋ -ಸಿಎಫ್" ಕೊಟ್ಟರೆ, ಪರೀಕ್ಷೆ ಪಾಸ್ ಆದ ಮೇಲಷ್ಟೇ ಫೈಲ್ ಜಾಗಕ್ಕೆ ಹೋಗುತ್ತದೆ.

ಯಾವ ದಾರಿ ಹಿಡಿದರೂ, ರೀಲೋಡ್ ಮಾಡುವ ಮುಂಚೆ

ಹೆಚ್ಚಿನ ಸರ್ವಿಸ್‌ಗಳು ತಮ್ಮ ಫೈಲ್ ಸರಿ ಇದೆಯಾ ಎಂದು ತಾವೇ ಹೇಳುತ್ತವೆ. ಎಸ್‌ಎಸ್‌ಎಚ್‌ಗೆ "ಎಸ್‌ಎಸ್‌ಎಚ್‌ಡಿ -ಟಿ", ಸಣ್ಣ ಟಿ. ಎನ್‌ಜಿನ್‌ಎಕ್ಸ್‌ಗೂ "-ಟಿ". ಅಪಾಚೆಗೆ "ಅಪಾಚೆಸಿಟಿಎಲ್ ಕಾನ್ಫಿಗ್‌ಟೆಸ್ಟ್". ಫೈಲ್ ಹಂಚುವ ಸಾಂಬಾಗೆ ಟೆಸ್ಟ್‌ಪಾರ್ಮ್. ಸುಡೋಎಡಿಟ್‌ನಲ್ಲಿ ಇಲ್ಲದ ಪರೀಕ್ಷೆಯನ್ನು ಹೀಗೆ ನಾವೇ ಸೇರಿಸಬೇಕು.

ಎಫ್‌ಎಸ್‌ಟ್ಯಾಬ್ ಬಗ್ಗೆ ವಿಶೇಷ ಎಚ್ಚರ ಬೇಕು, ಯಾಕೆಂದರೆ ಅಲ್ಲಿನ ತಪ್ಪು ಗೊತ್ತಾಗುವುದು ಮುಂದಿನ ರೀಬೂಟ್‌ನಲ್ಲಿ. ಮಳೆಗಾಲದಲ್ಲಿ ಭೋಸರಿಯಲ್ಲಿ ಕರೆಂಟ್ ಹೋಗಿ, ಯುಪಿಎಸ್ ಕೈಕೊಟ್ಟು, ಸರ್ವರ್ ಮತ್ತೆ ಏಳುವಾಗ ಸಿಸ್ಟಮ್‌ಡಿ ಇಲ್ಲದ ಡಿಸ್ಕ್‌ಗಾಗಿ 90 ಸೆಕೆಂಡ್ ಕಾದು ಎಮರ್ಜೆನ್ಸಿ ಮೋಡ್‌ಗೆ ಬೀಳುತ್ತದೆ. ಸಾಲು ಬರೆದ ಕೂಡಲೇ "ಫೈಂಡ್‌ಎಂಎನ್‌ಟಿ --ವೆರಿಫೈ", ಆಮೇಲೆ "ಮೌಂಟ್ -ಎ" ಓಡಿಸಿ. ಬ್ಯಾಕಪ್ ಡಿಸ್ಕ್‌ನಂಥವಕ್ಕೆ ಡಿಸ್ಕ್ ಇಲ್ಲದಿದ್ದರೂ ಬೂಟ್ ನಿಲ್ಲದಂತೆ ನೋಫೇಲ್ ಸೇರಿಸಿ.

ನೆಟ್‌ವರ್ಕ್ ಬದಲಿಸುವಾಗ ಉಬುಂಟುವಿನಲ್ಲಿ "ನೆಟ್‌ಪ್ಲಾನ್ ಅಪ್ಲೈ" ಬದಲು "ನೆಟ್‌ಪ್ಲಾನ್ ಟ್ರೈ" ಕೊಡಿ. 120 ಸೆಕೆಂಡ್ ಎಣಿಸುತ್ತದೆ. ಅಷ್ಟರೊಳಗೆ ನೀವು ಎಂಟರ್ ಒತ್ತಲಿಲ್ಲ ಎಂದರೆ, ಅಂದರೆ ನಿಮ್ಮ ಸಂಪರ್ಕ ಕಡಿದಿದೆ ಎಂದರೆ, ಹಳೆಯ ಸೆಟ್ಟಿಂಗ್‌ಗೆ ತಾನೇ ಮರಳುತ್ತದೆ.

ಎಸ್‌ಎಸ್‌ಎಚ್‌ಗೆ ಅಂಥ ಸೌಲಭ್ಯ ಇಲ್ಲ. ಅದಕ್ಕೆ ಎರಡು ಟರ್ಮಿನಲ್ ತೆರೆದಿಡಿ. ಎಸ್‌ಎಸ್‌ಎಚ್ ರೀಲೋಡ್ ಆದರೂ ಮೊದಲೇ ಇರುವ ಸೆಶನ್ ಕಡಿಯುವುದಿಲ್ಲ. ಹೊಸದಾಗಿ ಮೂರನೆಯ ಲಾಗಿನ್ ಮಾಡಿ ನೋಡಿ, ಒಳಗೆ ಬಂದ ಮೇಲಷ್ಟೇ ಹಳೆಯವನ್ನು ಮುಚ್ಚಿ. ಉಬುಂಟು 24.04ರಲ್ಲಿ ಪೋರ್ಟ್ ಬದಲಿಸಿದರೆ ಡೀಮನ್-ರೀಲೋಡ್ ಮಾಡಿ ಎಸ್‌ಎಸ್‌ಎಚ್.ಸಾಕೆಟ್ ಅನ್ನೂ ರೀಸ್ಟಾರ್ಟ್ ಮಾಡಬೇಕು, ಇಲ್ಲದಿದ್ದರೆ ಹಳೆಯ ಪೋರ್ಟ್‌ನಲ್ಲೇ ಇರುತ್ತದೆ. ಇನ್ನೂ ಧೈರ್ಯ ಸಾಲದಿದ್ದರೆ "ಅಟ್" ಕಮಾಂಡ್‌ನಲ್ಲಿ ಹತ್ತು ನಿಮಿಷದ ನಂತರ ಹಳೆಯ ಫೈಲ್ ವಾಪಸ್ ಇಡುವ ಕೆಲಸ ಹಚ್ಚಿಡಿ. ಎಲ್ಲಾ ಸರಿಯಾದರೆ ಅದನ್ನು ರದ್ದು ಮಾಡಿದರಾಯಿತು. ಫೈರ್‌ವಾಲ್ ನಿಯಮಕ್ಕೂ ಇದೇ ಉಪಾಯ.

ಮುಂಬೈ-ಪುಣೆ ರೈಲುಗಳಾದ ಡೆಕ್ಕನ್ ಕ್ವೀನ್‌ನಲ್ಲೋ ಪ್ರಗತಿಯಲ್ಲೋ ಕೂತು ಕೆಲಸ ಮಾಡುವವರಿಗೆ ಒಂದು ಮಾತು. ಕರ್ಜತ್ ದಾಟಿ ಲೋನಾವಳಾ ಬರುವವರೆಗೆ ಸುರಂಗದ ಮೇಲೆ ಸುರಂಗ, ನೆಟ್‌ವರ್ಕ್ ಹೋಗೇ ಹೋಗುತ್ತದೆ. ಸಂಪರ್ಕ ಕಡಿದರೂ ಸೆಶನ್ ಉಳಿಸುವ ಟಿಮಕ್ಸ್ ಅಥವಾ ಸ್ಕ್ರೀನ್‌ನೊಳಗೆ ತಿದ್ದುತ್ತಿದ್ದರೆ ಮತ್ತೆ ಸೇರಿಕೊಂಡು ಮುಂದುವರಿಸಬಹುದು. ಅದಿಲ್ಲದೆ ಸುಡೋಎಡಿಟ್‌ನ ಮಧ್ಯೆ ಕಡಿದರೆ, ಮತ್ತೆ ಲಾಗಿನ್ ಆದಾಗ ಮೂಲ ಫೈಲ್ ಹೇಗಿದೆ ಎಂದು ಮೊದಲು ನೋಡಿ. ನೀವು ಸೇವ್ ಮಾಡಿದ್ದಷ್ಟನ್ನು ತಾತ್ಕಾಲಿಕ ಡೈರೆಕ್ಟರಿಯಲ್ಲಿ ಹುಡುಕಿ ನೋಡಿ.

ಹಳೆಯ ನಕಲು ಎಲ್ಲಿಡಬೇಕು?

"ಸಿಪಿ -ಎ" ಕೊಟ್ಟು ನಕಲು ತೆಗೆಯಿರಿ, ಮಾಲೀಕ ಮತ್ತು ಪರ್ಮಿಶನ್ ಹಾಗೇ ಬರುತ್ತವೆ. ಆದರೆ ಅದೇ ಡೈರೆಕ್ಟರಿಯಲ್ಲಿ ಇಡುವ ಮುಂಚೆ ಯೋಚಿಸಿ. ಡೆಬಿಯನ್, ಉಬುಂಟುವಿನ ಎನ್‌ಜಿನ್‌ಎಕ್ಸ್ ಸೈಟ್ಸ್-ಎನೇಬಲ್ಡ್‌ನಲ್ಲಿರುವ ಎಲ್ಲಾ ಫೈಲ್ ಓದುತ್ತದೆ. ಅಲ್ಲಿ .ಬ್ಯಾಕ್ ಎಂದು ಇಟ್ಟ ಹಳೆಯ ಸೈಟ್ ಕೂಡ ಜೀವಂತವಾಗಿಬಿಡುತ್ತದೆ. ರೂಟ್‌ನ ಹೋಮ್‌ನಲ್ಲಿ ಒಂದು ಡೈರೆಕ್ಟರಿ ಮಾಡಿ, ತಾರೀಕಿನ ಸಮೇತ ಅಲ್ಲಿಡುವುದು ಕ್ಷೇಮ.

ಒಂದಕ್ಕಿಂತ ಹೆಚ್ಚು ಜನ ಕೈ ಹಾಕುವ ಸರ್ವರ್ ಆದರೆ ಇಟಿಸಿಕೀಪರ್ ಹಾಕಿ. ಜೋಯಿ ಹೆಸ್ ಬರೆದ ಈ ಸಾಧನ ಇಡೀ ಇಟಿಸಿಯನ್ನು ಪ್ರತಿ ಬದಲಾವಣೆಯ ದಾಖಲೆ ಇಡುವ ಗಿಟ್‌ನಲ್ಲಿಡುತ್ತದೆ. ಪ್ಯಾಕೇಜ್ ಇನ್‌ಸ್ಟಾಲ್ ಆಗುವಾಗ ತಾನೇ ಕಮಿಟ್ ಮಾಡುತ್ತದೆ, ಗಿಟ್ ನೆನಪಿಡದ ಪರ್ಮಿಶನ್ ವಿವರಗಳನ್ನೂ ಬರೆದಿಟ್ಟುಕೊಳ್ಳುತ್ತದೆ. ನೀವು ಫೈಲ್ ತಿದ್ದಿದ ಮೇಲೆ ಯಾಕೆ ಎಂದು ಒಂದು ಸಾಲು ಬರೆದು ಕಮಿಟ್ ಮಾಡಿದರೆ, ಆರು ತಿಂಗಳ ನಂತರ ಕೇಳುವವರಿಗೆ ಉತ್ತರ ಅಲ್ಲೇ ಇರುತ್ತದೆ. ಒಂದೇ ಷರತ್ತು: ಆ ರೆಪೊದಲ್ಲಿ ಶ್ಯಾಡೋ ಫೈಲ್‌ನ ಪಾಸ್‌ವರ್ಡ್ ಹ್ಯಾಶ್‌ಗಳು, ಎಸ್‌ಎಸ್‌ಎಚ್‌ನ ಖಾಸಗಿ ಕೀಗಳು ಎಲ್ಲಾ ಸೇರಿರುತ್ತವೆ. ಅದನ್ನು ಗಿಟ್‌ಹಬ್‌ಗೆ ತಳ್ಳಬೇಡಿ, ಕಂಪನಿಯ ಹಂಚಿಕೆಯ ಗಿಟ್ ಸರ್ವರ್‌ಗೂ ಬೇಡ. ಇಟಿಸಿಯೊಳಗಿನ .ಗಿಟ್ ಡೈರೆಕ್ಟರಿಯ ಪರ್ಮಿಶನ್ 700 (ಮಾಲೀಕರಿಗೆ ಮಾತ್ರ) ಇದೆಯಾ ಎಂದೂ ಒಮ್ಮೆ ನೋಡಿಕೊಳ್ಳಿ.